ಸ್ವರಸಾಧಕ ಸವಾಯಿ ಗಂಧರ್ವರು

ಡಿಸೆಂಬರ್ ತಿಂಗಳ ಚಳಿ ಪುಣೆಯನ್ನು ಆವರಿಸುತ್ತಲೇ ಈ ನಗರದ ಸಂಗೀತಪ್ರಿಯರ ಬಾಯಲ್ಲಿ ಒಂದೇ ಹೆಸರು ಕೇಳಿಬರುತ್ತದೆ. ಮುದುಕರು, ತರುಣರು, ಮಕ್ಕಳೆನ್ನದೆ ಜನರು ಶಾಲು ಹೊದ್ದು, ತಿಂಡಿಯ ಡಬ್ಬಿ ಕಟ್ಟಿಕೊಂಡು ಸವಾಯಿಗೆ ಹೊರಡುತ್ತಾರೆ. ಸವಾಯಿ ಎಂದರೆ ಇಲ್ಲಿನವರಿಗೆ ಒಂದು ಸಂಗೀತೋತ್ಸವ. ಆದರೆ ಆ ಉತ್ಸವಕ್ಕೆ ಹೆಸರು ಕೊಟ್ಟ ಮಹನೀಯರು ನಮ್ಮ ಧಾರವಾಡ ಸೀಮೆಯ ಕುಂದಗೋಳದವರು, ನಮ್ಮ ಮಾತನ್ನೇ ಆಡುತ್ತ ಬೆಳೆದವರು ಎಂಬುದನ್ನು ಈ ಊರಿನ ಕನ್ನಡ ಮಕ್ಕಳಾದ ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು? ಅವರ ಜೀವನಚರಿತ್ರೆ ಕೇವಲ ಸಂಗೀತಗಾರರಿಗೆ ಮಾತ್ರವಲ್ಲ, ಯಾವುದೇ ವಿದ್ಯೆಯನ್ನು ಕಲಿಯಹೊರಟ ವಿದ್ಯಾರ್ಥಿಗೂ ದಾರಿದೀಪವಾಗಬಲ್ಲದು.

ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಅಭ್ಯಾಸದಿಂದ ವಿದ್ಯೆ ಕೈಗೂಡುತ್ತದೆಂಬುದು ಅದರ ಅರ್ಥ. ಗಾದೆ ಸುಳ್ಳಲ್ಲ. ಆದರೆ ಹಾಡುವ ರೀತಿಯೇ ತಪ್ಪಾದರೆ ಹಾಡುತ್ತ ಹಾಡುತ್ತಲೇ ರೋಗವೂ ಬಂದೀತು. ಎಷ್ಟು ಹೊತ್ತು ಅಭ್ಯಾಸ ಮಾಡಿದೆವೆಂಬುದಕ್ಕಿಂತ ಹೇಗೆ ಮಾಡಿದೆವೆಂಬುದು ಮುಖ್ಯ. ಸವಾಯಿ ಗಂಧರ್ವರ ಬಾಳು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಸವಾಯಿ ಗಂಧರ್ವರ ನಿಜವಾದ ಹೆಸರು ರಾಮಚಂದ್ರ ಗಣೇಶ ಸೌಂಶಿ. ಅವರು 1886ನೆಯ ಇಸವಿಯ ಜನವರಿ 19ರಂದು ಜನಿಸಿದರು. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿರುವ ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಸಣ್ಣ ಊರು. ರಾಮಚಂದ್ರನ ತಂದೆ ಗಣೇಶರಾಯರು ಅಲ್ಲಿನ ನಾಡಗೀರ ಮನೆತನದವರಲ್ಲಿ ಕಾರಕೂನರಾಗಿದ್ದರು. ನಾಡಗೀರರು ಸಂಗೀತದಲ್ಲಿ ಅಭಿರುಚಿಯುಳ್ಳವರು. ದೊಡ್ಡ ದೊಡ್ಡ ಗವಾಯಿಗಳು ಅವರ ವಾಡೆಗೆ ಬಂದು ಹಾಡುತ್ತಿದ್ದರು. ಹೀಗಾಗಿ ಕಾರಕೂನರ ಮಗನಿಗೆ ಎಳವೆಯಲ್ಲಿಯೇ ಒಳ್ಳೆಯ ಸಂಗೀತ ಕಿವಿಗೆ ಬೀಳುವಂತಾಯಿತು.

ಬಾಲಕನನ್ನು ಇಂಗ್ಲಿಷ್ ವಿದ್ಯಾಭ್ಯಾಸಕ್ಕೆಂದು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಹೈಸ್ಕೂಲಿಗೆ ಕಳಿಸಲಾಯಿತು. ಆದರೆ ಅವನ ಮನಸ್ಸು ಪಾಠಗಳ ಮೇಲೆ ನಿಲ್ಲಲಿಲ್ಲ. ಮಗನ ಒಲವು ಯಾವ ಕಡೆಗಿದೆಯೆಂಬುದನ್ನು ಅರಿತ ತಂದೆ ಅವನನ್ನು ಬಳವಂತರಾವ ಕೊಲ್ಹಟಕರರೆಂಬ ಗಾಯಕರ ಬಳಿ ಕಲಿಯಲು ಬಿಟ್ಟರು. ಅವರಿಂದ ಅವನು ಧ್ರುಪದಗಳನ್ನೂ ತರಾನಾಗಳನ್ನೂ ತಾಳಗಳನ್ನೂ ಕಲಿತ. ಆದರೆ 1898ರಲ್ಲಿ ಆ ಗುರುಗಳು ತೀರಿಕೊಂಡರು. ಹನ್ನೆರಡು ವರ್ಷದ ಬಾಲಕ ಗುರುವಿಲ್ಲದವನಾದ.

ಈ ಕಾಲಕ್ಕೆ ಸರಿಯಾಗಿ ನಾಡಗೀರರ ವಾಡೆಗೆ ಉಸ್ತಾದ್ ಅಬ್ದುಲ್ ಕರೀಮ್ ಖಾಂಸಾಹೇಬರು ಬಂದುಹೋಗತೊಡಗಿದರು. ಉತ್ತರ ಹಿಂದುಸ್ತಾನದ ಕೈರಾನಾ ಗ್ರಾಮದಲ್ಲಿ 1872ರಲ್ಲಿ ಹುಟ್ಟಿದ ಖಾಂಸಾಹೇಬರು ಮುಂದೆ ಮಿರಜಿನಲ್ಲಿ ನೆಲಸಿ, ಕಿರಾನಾ ಘರಾಣೆಯ ಗಾಯನವನ್ನು ದಕ್ಷಿಣಕ್ಕೆ ತಂದವರು. ಒಂದೊಂದು ಸ್ವರವನ್ನೂ ನಿಧಾನವಾಗಿ, ಮೃದುವಾಗಿ, ಅದರ ಒಳಹೊಕ್ಕು ಹಾಡುವುದು ಅವರ ಪದ್ಧತಿ. ಆ ಗಾಯನವನ್ನು ಕೇಳಿ ರಾಮಚಂದ್ರನು ಮರುಳಾದ. ಅವರಲ್ಲಿಯೇ ಕಲಿಯಬೇಕೆಂದು ಹಂಬಲಿಸಿದ. ಎಂಟು ವರ್ಷಗಳ ಕಾಲ ತಮ್ಮಲ್ಲಿಯೇ ಇದ್ದು ಕಲಿಯಬೇಕೆಂಬ ಕರಾರಿನ ಮೇಲೆ ಖಾಂಸಾಹೇಬರು ಅವನನ್ನು ಶಿಷ್ಯನಾಗಿ ಸ್ವೀಕರಿಸಿದರು.

ಆದರೆ ಇಲ್ಲಿಯೇ ಒಂದು ದೊಡ್ಡ ಸಂಕಟ ಕಾದಿತ್ತು. ಎಳವೆಯಲ್ಲಿ ಇಂಪಾಗಿದ್ದ ರಾಮಚಂದ್ರನ ಧ್ವನಿ ಹರೆಯಕ್ಕೆ ಕಾಲಿಡುವ ಹೊತ್ತಿಗೆ ಒಡೆಯಿತು. ಒಡೆದ ಮೇಲೆ ಬಂದ ಧ್ವನಿ ಗಡುಸಾಗಿತ್ತು, ಹೇಳಿದಂತೆ ಕೇಳುತ್ತಿರಲಿಲ್ಲ. ಸಂಗೀತಕ್ಕಾಗಿ ಶಾಲೆಯನ್ನು ಬಿಟ್ಟು, ಊರನ್ನು ಬಿಟ್ಟು ಬಂದ ಹುಡುಗನಿಗೆ ಕಂಠವೇ ಕೈಕೊಟ್ಟರೆ ಗತಿಯೇನು?

ಧ್ವನಿ ಒಡೆಯುವುದೆಂದರೆ ಏನೆಂಬುದನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳುವುದು ಲೇಸು. ಏಕೆಂದರೆ ನಮ್ಮ ಶಾಲೆಯ ಮೇಲಿನ ತರಗತಿಗಳ ಹುಡುಗರೆಲ್ಲರೂ ಈ ಅವಸ್ಥೆಯನ್ನು ದಾಟಲೇಬೇಕು. ನಮ್ಮ ಕುತ್ತಿಗೆಯ ಮುಂಭಾಗದಲ್ಲಿರುವ ಧ್ವನಿಪೆಟ್ಟಿಗೆಯೊಳಗೆ ಎರಡು ಸಣ್ಣ ಧ್ವನಿತಂತುಗಳಿವೆ. ಶ್ವಾಸಕೋಶದಿಂದ ಬರುವ ಗಾಳಿಯಿಂದ ಅವು ಕಂಪಿಸಿದಾಗ ನಾದ ಹುಟ್ಟುತ್ತದೆ. ಸಾಮಾನ್ಯವಾಗಿ ಮಾತನಾಡುವಾಗ ಈ ತಂತುಗಳು ಗಂಡಸರಲ್ಲಿ ಒಂದು ಸೆಕೆಂಡಿಗೆ ನೂರಕ್ಕೆ ಮಿಕ್ಕಿ, ಹೆಂಗಸರಲ್ಲಿ ಸುಮಾರು ಇನ್ನೂರು ಸಲ ಕಂಪಿಸುತ್ತವೆ. ಹರೆಯ ಬಂದಾಗ ಹುಡುಗರ ಧ್ವನಿಪೆಟ್ಟಿಗೆ ಬೇಗ ದೊಡ್ಡದಾಗುತ್ತದೆ. ತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಅದರಿಂದ ಧ್ವನಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಹಳೆಯ ಧ್ವನಿ ಹೋಗಿ ಹೊಸದು ನೆಲೆಗೊಳ್ಳುವವರೆಗೆ ಕಂಠವು ಹಿಡಿತಕ್ಕೆ ಸಿಗುವುದಿಲ್ಲ. ಈ ಸಮಯದಲ್ಲಿ ಮೊದಲಿನ ಎತ್ತರದ ಸ್ವರಗಳನ್ನು ಬಲವಂತದಿಂದ ಹಿಡಿಯಹೋದರೆ ತಂತುಗಳಿಗೆ ಪೆಟ್ಟಾಗುತ್ತದೆಂದೂ, ಮೆಲ್ಲಗೆ, ಸ್ವಲ್ಪ ಸ್ವಲ್ಪವಾಗಿ, ಹಿತವಾದ ಶ್ರುತಿಯಲ್ಲಿ ಹಾಡಬೇಕೆಂದೂ ಕಂಠವೈದ್ಯರು ಇಂದು ಹೇಳುತ್ತಾರೆ.

ಖಾಂಸಾಹೇಬರು ವೈದ್ಯಶಾಸ್ತ್ರವನ್ನು ಓದಿದವರಲ್ಲ. ಆದರೆ ಒಬ್ಬ ಗುರುವಿಗೆ ಬೇಕಾದ ಕಣ್ಣೂ ಕಿವಿಯೂ ಅವರಿಗಿದ್ದವು. ಧ್ವನಿ ಕೆಟ್ಟಿತೆಂದು ಅವರು ಶಿಷ್ಯನನ್ನು ಮನೆಗೆ ಕಳಿಸಲಿಲ್ಲ. ಕಠಿಣವಾದ ಶಿಸ್ತಿಗೆ ಒಳಪಡಿಸಿದರು. ಹತ್ತಾರು ರಾಗಗಳನ್ನು ಹೇಳಿಕೊಡುವ ಬದಲು ತೋಡಿ, ಮುಲ್ತಾನಿ, ಪೂರಿಯಾ ಮುಂತಾದ ಕೆಲವೇ ರಾಗಗಳನ್ನು ಹಿಡಿದು, ಸ್ವರಗಳ ಪಲ್ಟಾಗಳನ್ನು ಮತ್ತೆ ಮತ್ತೆ ಹಾಡಿಸುವುದು ಅವರ ಕ್ರಮವಾಗಿತ್ತು. ಒಗ್ಗದ ಕಂಠವು ದಿನದಿನಕ್ಕೂ ಒಗ್ಗುತ್ತ ಬಂದಿತು. ವರ್ಷಗಳು ಕಳೆದ ಮೇಲೆ ರಾಮಚಂದ್ರನು ರಾಮಭಾವು ಕುಂದಗೋಳಕರನೆಂಬ ಗಾಯಕನಾಗಿ ಹೊರಬಂದ.

ಇಷ್ಟಾದರೂ ಅವರ ಕಂಠದ ಹಟ ಪೂರ್ಣವಾಗಿ ಅಳಿಯಲಿಲ್ಲವೆಂಬುದನ್ನು ಮರೆಯಬಾರದು. ಕಛೇರಿಯ ಆರಂಭದಲ್ಲಿ ಅವರ ಧ್ವನಿ ಬೇಗನೆ ಬಿಚ್ಚಿಕೊಳ್ಳುತ್ತಿರಲಿಲ್ಲವಂತೆ. ಅವರು ಅವಸರಪಡುತ್ತಿರಲಿಲ್ಲ. ನಿಧಾನವಾಗಿ ಸ್ವರದಲ್ಲಿ ನಿಂತು, ಕಂಠವನ್ನು ಹದಕ್ಕೆ ತರುತ್ತಿದ್ದರು. ಅವರನ್ನು ಬಲ್ಲ ಶ್ರೋತೃಗಳೂ ತಾಳ್ಮೆಯಿಂದ ಕಾಯುತ್ತಿದ್ದರು. ಒಮ್ಮೆ ಕಂಠ ಹದಕ್ಕೆ ಬಂದಿತೆಂದರೆ ಕಾದವರಿಗೆ ನಿರಾಸೆಯಾಗುತ್ತಿರಲಿಲ್ಲ. ಮೈದಾನಕ್ಕಿಳಿಯುವ ಆಟಗಾರನು ಮೊದಲು ಮೈ ಬೆಚ್ಚಗಾಗಿಸಿಕೊಳ್ಳುವಂತೆ ಗಾಯಕನೂ ಕಂಠವನ್ನು ಸಿದ್ಧಗೊಳಿಸಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಮುಂದೆ ರಾಮಭಾವು ಮರಾಠಿ ಸಂಗೀತ ನಾಟಕಗಳ ರಂಗಭೂಮಿಯನ್ನು ಪ್ರವೇಶಿಸಿದರು. ಶಿಷ್ಯನು ನಾಟಕಕ್ಕೆ ಹೋದುದು ಗುರುಗಳಿಗೆ ಪ್ರಿಯವಾಗಿರಲಿಲ್ಲ. ಆ ಕಾಲದಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ಸೌಭದ್ರ ನಾಟಕದ ಸುಭದ್ರೆಯ ಪಾತ್ರದಲ್ಲಿ ಅವರು ಹಾಡಿದ ರೀತಿ ಮಹಾರಾಷ್ಟ್ರದ ರಸಿಕರನ್ನು ಸೆರೆಹಿಡಿಯಿತು. ಆಗ ನಾರಾಯಣರಾವ ರಾಜಹಂಸರೆಂಬ ಹೆಸರಾಂತ ನಟರನ್ನು ಜನರು ಬಾಲಗಂಧರ್ವರೆಂದು ಕರೆಯುತ್ತಿದ್ದರು. ಅಮರಾವತಿಯಲ್ಲಿ ರಾಮಭಾವು ಅವರ ಗಾಯನವನ್ನು ಮೆಚ್ಚಿದ ದಾದಾಸಾಹೇಬ ಖಾಪರ್ಡೆಯವರು ಅವರಿಗೆ ಸವಾಯಿ ಗಂಧರ್ವ ಎಂಬ ಬಿರುದನ್ನಿತ್ತರೆಂದು ಪ್ರತೀತಿ. ಸವಾಯಿ ಎಂದರೆ ಒಂದೂಕಾಲು. ಅಂದಿನಿಂದ ಆ ಬಿರುದೇ ಅವರ ಹೆಸರಾಯಿತು. ಒಂದು ಕಾಲಕ್ಕೆ ಹಾಡಲು ಒಲ್ಲೆನೆಂದ ಕಂಠವೇ ಈ ಹೆಸರನ್ನು ಗಳಿಸಿಕೊಟ್ಟಿತೆಂಬುದನ್ನು ನೆನೆದರೆ ಆಶ್ಚರ್ಯವೆನಿಸುತ್ತದೆ.

ಸುಮಾರು 1930ರ ಅನಂತರ ನಾಟಕ ಕಂಪನಿಗಳ ವೈಭವ ಕುಂದತೊಡಗಿತು. ಸವಾಯಿ ಗಂಧರ್ವರು ರಂಗಭೂಮಿಯನ್ನು ಬಿಟ್ಟು ಕಛೇರಿಗಳಲ್ಲಿಯೂ ಆಕಾಶವಾಣಿಯಲ್ಲಿಯೂ ಹಾಡುತ್ತ, ಕುಂದಗೋಳದಲ್ಲಿ ಶಿಷ್ಯರಿಗೆ ಪಾಠ ಹೇಳತೊಡಗಿದರು. ಅವರ ಜೀವನದ ಬಹು ಬೆಲೆಯುಳ್ಳ ಭಾಗ ಇದೇ ಎಂದು ಹೇಳಬೇಕು. ತಾನು ಸುಲಭವಾಗಿ ಕಲಿತವನಿಗೆ ಕಲಿಯಲಾರದವನ ಕಷ್ಟ ತಿಳಿಯುವುದು ಕಷ್ಟ. ಸವಾಯಿ ಗಂಧರ್ವರು ಕಷ್ಟದಿಂದ ಕಲಿತವರು. ಅದರಿಂದಲೇ ಅವರು ದೊಡ್ಡ ಗುರುಗಳಾದರು.

ಗದಗಿನ ಕಡೆಯ ಒಬ್ಬ ಹುಡುಗನು ಖಾಂಸಾಹೇಬರ ಗ್ರಾಮಫೋನ್ ತಟ್ಟೆಯೊಂದನ್ನು ಕೇಳಿ, ಹಾಗೆಯೇ ಹಾಡಬೇಕೆಂಬ ಹುಚ್ಚಿನಿಂದ 1933ರಲ್ಲಿ, ತನ್ನ 11ನೆಯ ವಯಸ್ಸಿನಲ್ಲಿ, ಮನೆಬಿಟ್ಟು ಓಡಿಹೋದ. ಗುರುವನ್ನು ಹುಡುಕುತ್ತ ಗ್ವಾಲಿಯರ್, ಕಲಕತ್ತಾ, ಜಲಂಧರಗಳನ್ನು ಸುತ್ತಿದ. ಜಲಂಧರದಲ್ಲಿ ಅವನಿಗೆ ಪಂಡಿತ ವಿನಾಯಕರಾವ ಪಟವರ್ಧನರ ಭೇಟಿಯಾಯಿತು. ಪಟವರ್ಧನರು ನಮ್ಮ ಪುಣೆಯಲ್ಲಿ 1932ರಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದವರು. ನಿನ್ನ ಊರಿನ ಸಮೀಪದಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರವೇಕೆ ಅಲೆಯುತ್ತಿರುವೆ ಎಂದು ಅವರು ಆ ಹುಡುಗನಿಗೆ ತಿಳಿಹೇಳಿದರು. ಹೀಗೆ 1936ರಲ್ಲಿ ಕುಂದಗೋಳದ ಬಾಗಿಲಿಗೆ ಬಂದ ಆ ಬಾಲಕನೇ ಭೀಮಸೇನ ಜೋಶಿ.

ಆಗ ಅವನಿಗೆ 14 ವರ್ಷ; ಕಂಠವು ಬದಲಾಗುವ ಅದೇ ವಯಸ್ಸು. ಗುರುಗಳು ಪಾಠಕ್ಕೆ ಅವಸರಿಸಲಿಲ್ಲ. ಗುರುಗೃಹದಲ್ಲಿ ನೀರು ಹೊರುವುದು ಮೊದಲಾದ ಮನೆಗೆಲಸಗಳನ್ನು ಮಾಡುತ್ತ, ಗುರುಗಳು ಇತರರಿಗೆ ಹೇಳುವ ಪಾಠವನ್ನು ಕೇಳುತ್ತ ಅವನು ದಿನ ಕಳೆಯಬೇಕಾಯಿತು. ಕಿವಿ ಸಿದ್ಧವಾಗದೆ ಬಾಯಿ ತೆರೆದರೆ ತಪ್ಪೇ ರೂಢಿಯಾಗುತ್ತದೆಯಷ್ಟೆ? ಬಳಿಕ ಪಾಠ ಆರಂಭವಾದಾಗ ಕಲಿಸಿದ ರಾಗಗಳು ಯಾವುವು? ಖಾಂಸಾಹೇಬರಿಂದ ಬಂದ ಆ ತೋಡಿ, ಮುಲ್ತಾನಿ, ಪೂರಿಯಾಗಳೇ. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ನಾಲ್ಕಾರು ವರ್ಷಗಳ ಗುರುಕುಲವಾಸದ ಅಡಿಗಲ್ಲು ಈ ಮೂರು ರಾಗಗಳಾಗಿದ್ದವು.

ಇದರಲ್ಲಿ ಅಡಗಿರುವ ಜಾಣತನವನ್ನು ಗಮನಿಸಿರಿ. ತೋಡಿ ಮತ್ತು ಮುಲ್ತಾನಿಗಳಲ್ಲಿ ಬರುವ ಸ್ವರಗಳು ಒಂದೇ: ರಿಷಭ, ಗಾಂಧಾರ, ಧೈವತಗಳು ಕೋಮಲ, ಮಧ್ಯಮವು ತೀವ್ರ. ಆದರೂ ಅವು ಬೇರೆ ಬೇರೆ ರಾಗಗಳು. ಭೇದವಿರುವುದು ಸ್ವರಗಳಲ್ಲಲ್ಲ, ಅವುಗಳ ನಡೆಯಲ್ಲಿ. ತೋಡಿಯಲ್ಲಿ ನಿಂತು ಹಾಡುವ ರಿಷಭ ಧೈವತಗಳನ್ನು ಮುಲ್ತಾನಿಯ ಆರೋಹದಲ್ಲಿ ಬಿಟ್ಟೇ ಹೋಗಬೇಕು. ಪೂರಿಯಾದಲ್ಲಿ ಪಂಚಮವೇ ಇಲ್ಲ. ಆಸರೆಯಿಲ್ಲದ ಹಾದಿಯಲ್ಲಿ ನಡೆದಂತೆ ಅದನ್ನು ಹಾಡಬೇಕು. ಈ ಮೂರನ್ನು ಸಾಧಿಸಿದವನ ಕಿವಿಯೂ ಕಂಠವೂ ಎಷ್ಟು ಸೂಕ್ಷ್ಮವಾಗುತ್ತವೆಂದರೆ ಉಳಿದ ರಾಗಗಳು ಅವನಿಗೆ ಪರಕೀಯವೆನಿಸುವುದಿಲ್ಲ. ಅಲ್ಲದೆ ಅಭ್ಯಾಸವು ದಿನದ ಮೂರು ಹೊತ್ತುಗಳಿಗೆ ಹಂಚಿಹೋಗುತ್ತದೆ; ನಡುನಡುವೆ ಕಂಠಕ್ಕೆ ವಿಶ್ರಾಂತಿ ದೊರೆಯುತ್ತದೆ, ಕಲಿತುದು ಮನಸ್ಸಿನಲ್ಲಿ ಇಳಿಯಲು ಅವಕಾಶವಾಗುತ್ತದೆ. ಒಂದೇ ಸಲ ಬಹಳ ಹೊತ್ತು ಮಾಡುವ ಅಭ್ಯಾಸಕ್ಕಿಂತ ಬಿಡುವು ಕೊಟ್ಟು ಮಾಡುವ ಅಭ್ಯಾಸ ಹೆಚ್ಚು ಕಾಲ ಉಳಿಯುತ್ತದೆಂದು ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ಕಂಡುಕೊಂಡಿದ್ದಾರೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವ ನಮ್ಮಂಥವರು ಈ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು.

ಸವಾಯಿ ಗಂಧರ್ವರ ಇನ್ನೊಬ್ಬ ಹಿರಿಯ ಶಿಷ್ಯೆ ಗಂಗೂಬಾಯಿ ಹಾನಗಲ್ಲರು. 1913ರಲ್ಲಿ ಧಾರವಾಡದಲ್ಲಿ ಜನಿಸಿದ ಗಂಗೂಬಾಯಿಯವರು ಸಂಸಾರದ ಭಾರವನ್ನು ಹೊತ್ತುಕೊಂಡೇ, ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡು ಮರಳುತ್ತಿದ್ದರು. ಗುರುಗಳು ಒಂದೇ ಸ್ವರಸಮೂಹವನ್ನು, ಅದು ಸರಿಯಾಗಿ ಬರುವವರೆಗೆ, ಬೇಸರವಿಲ್ಲದೆ ತಿದ್ದುತ್ತಿದ್ದರು. ಜಿಪುಣನು ಹಣವನ್ನು ಎಣಿಸಿ ಎಣಿಸಿ ಖರ್ಚು ಮಾಡುವಂತೆ ಸ್ವರಗಳನ್ನು ಬಳಸಬೇಕೆಂದು ಅವರು ಕಲಿಸಿದುದನ್ನು ಗಂಗೂಬಾಯಿಯವರು ಕೊನೆಯವರೆಗೂ ಸ್ಮರಿಸುತ್ತಿದ್ದರು. ಹಾಗೆ ಹಾಡಿದರೆ ಕೇಳುವವರಿಗೆ ಒಂದೊಂದು ಸ್ವರದ ಬೆಲೆಯೂ ತಿಳಿಯುತ್ತದೆ. ಹಾಡುವವರ ಶ್ವಾಸವೂ ಕಂಠವೂ ವ್ಯರ್ಥವಾಗಿ ದಣಿಯುವುದಿಲ್ಲ.

ಗಂಗೂಬಾಯಿಯವರಿಗೂ ಕಂಠದ ಪರೀಕ್ಷೆ ತಪ್ಪಲಿಲ್ಲ. ಗಂಟಲಿನ ತೊಂದರೆಯಿಂದಾಗಿ ಅವರ ಧ್ವನಿ ಗಂಡುಧ್ವನಿಯಂತೆ ಗಂಭೀರವಾಯಿತು. ಅವರು ಹೆದರಿ ಹಾಡುವುದನ್ನು ಬಿಡಲಿಲ್ಲ. ಹಳೆಯ ಧ್ವನಿಯನ್ನು ಅನುಕರಿಸಲೂ ಇಲ್ಲ. ಬಂದ ಧ್ವನಿಯನ್ನೇ ತಮ್ಮದನ್ನಾಗಿ ಮಾಡಿಕೊಂಡು ಅದರಲ್ಲಿಯೇ ಹಾಡಿದರು. ಗುರುಗಳು ಗಂಡಸಾಗಿದ್ದು ರಂಗದ ಮೇಲೆ ಸುಭದ್ರೆಯಾಗಿ ಹಾಡಿದವರು. ಶಿಷ್ಯೆ ಹೆಣ್ಣಾಗಿದ್ದು ಗಂಡುಧ್ವನಿಯಲ್ಲಿ ಹಾಡಿದವರು. ತಮಗೆ ದೊರೆತ ಕಂಠವನ್ನು ದ್ವೇಷಿಸದೆ ಅದರೊಡನೆ ಸ್ನೇಹ ಬೆಳೆಸಿದುದೇ ಇಬ್ಬರಿಗೂ ಸಮಾನವಾದ ಗುಣ.

ಮುಂಬಯಿಯ ಫಿರೋಜ್ ದಸ್ತೂರರೂ ಸವಾಯಿ ಗಂಧರ್ವರ ಶಿಷ್ಯರೇ. ಬಸವರಾಜ ರಾಜಗುರುಗಳೂ ಕೆಲಕಾಲ ಅವರಲ್ಲಿ ಕಲಿತರು. ಒಬ್ಬ ಗುರುವಿನ ಕೈಯಲ್ಲಿ ಪಳಗಿದರೂ ಭೀಮಸೇನರ ಗಾಯನ ಗಂಗೂಬಾಯಿಯವರದರಂತಿಲ್ಲ. ದಸ್ತೂರರದು ಇವರಿಬ್ಬರಂತೆಯೂ ಇಲ್ಲ. ಒಂದೇ ಅಚ್ಚಿನಲ್ಲಿ ಎಲ್ಲರನ್ನೂ ಎರಕ ಹೊಯ್ಯುವ ಗುರು ಅವರಲ್ಲ. ಒಬ್ಬೊಬ್ಬರ ಕಂಠವು ಯಾವ ದಾರಿಯಲ್ಲಿ ಅರಳಬಲ್ಲದೋ ಆ ದಾರಿಯಲ್ಲಿ ಅವರು ಅರಳಿದರು.

1940ರ ದಶಕದ ಆರಂಭದಲ್ಲಿ ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ತಗಲಿತು. ಅಷ್ಟು ಶ್ರಮಪಟ್ಟು ಒಲಿಸಿಕೊಂಡ ಕಂಠವು ಮತ್ತೆ ಕೈಬಿಟ್ಟಿತು. ಇದಕ್ಕಿಂತ ದೊಡ್ಡ ದುಃಖ ಗಾಯಕನಿಗೆ ಇನ್ನೇನಿದೆ? ಅವರ ಕೊನೆಯ ವರ್ಷಗಳು ಪುಣೆಯಲ್ಲಿ, ವೈದ್ಯರಾಗಿದ್ದ ಅಳಿಯ ನಾನಾಸಾಹೇಬ ದೇಶಪಾಂಡೆಯವರ ಆಶ್ರಯದಲ್ಲಿ ಕಳೆದವು. 1952ರ ಸೆಪ್ಟೆಂಬರ್ 12ರಂದು ಈ ನಗರದಲ್ಲಿಯೇ ಅವರು ಕೊನೆಯುಸಿರೆಳೆದರು. ಕುಂದಗೋಳದಲ್ಲಿ ಹುಟ್ಟಿದ ಸ್ವರವು ಪುಣೆಯಲ್ಲಿ ನಿಂತಿತು.

ಆದರೆ ನಿಂತಿತೆನ್ನುವುದು ಸರಿಯಲ್ಲ. ಮರುವರ್ಷ, ಅಂದರೆ 1953ರಲ್ಲಿ, ಅವರ ನೆನಪಿಗಾಗಿ ಪುಣೆಯ ಆರ್ಯ ಸಂಗೀತ ಪ್ರಸಾರಕ ಮಂಡಳದ ಮೂಲಕ ಸಂಗೀತೋತ್ಸವವು ಆರಂಭವಾಯಿತು. ಭೀಮಸೇನ ಜೋಶಿಯವರು ಅದನ್ನು ತಮ್ಮ ಗುರುಸೇವೆಯೆಂದು ಭಾವಿಸಿ ದಶಕಗಳ ಕಾಲ ಮುನ್ನಡೆಸಿದರು. ಚಿಕ್ಕದಾಗಿ ಆರಂಭವಾದುದು ಬೆಳೆದು ಸಾವಿರಾರು ಶ್ರೋತೃಗಳನ್ನು ಸೇರಿಸುವ ಮಹೋತ್ಸವವಾಯಿತು. ಕುಂದಗೋಳದ ನಾಡಗೀರರ ವಾಡೆಯಲ್ಲಿಯೂ ಅವರ ಸ್ಮರಣೆಯ ಸಂಗೀತ ನಡೆದುಕೊಂಡು ಬಂದಿದೆ. 2002ರಲ್ಲಿ ಗಂಗೂಬಾಯಿಯವರಿಗೆ ಪದ್ಮವಿಭೂಷಣವೂ, 2008ರಲ್ಲಿ ಭೀಮಸೇನರಿಗೆ ಭಾರತರತ್ನವೂ ದೊರೆತವು. 2009ರಲ್ಲಿ ಗಂಗೂಬಾಯಿಯವರೂ 2011ರಲ್ಲಿ ಭೀಮಸೇನರೂ ಗತಿಸಿದರು. ಅವರ ಶಿಷ್ಯಪರಂಪರೆ ಇಂದಿಗೂ ಹಾಡುತ್ತಿದೆ.

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಕೆಲವರು ಹಾಡನ್ನು ಕಲಿಯುತ್ತೇವೆ. ಕೆಲವರು ತಬಲಾ, ಹಾರ್ಮೋನಿಯಂ, ಪಿಟೀಲುಗಳನ್ನು ಅಭ್ಯಾಸ ಮಾಡುತ್ತೇವೆ. ಸ್ನೇಹಸಮ್ಮೇಳನ ಹತ್ತಿರ ಬಂದಾಗ ಗಂಟಲು ಹರಿಯುವಂತೆ ಹಾಡಿ, ಕಾರ್ಯಕ್ರಮದ ದಿನ ಧ್ವನಿಯೇ ಇಲ್ಲದೆ ನಿಂತವರು ನಮ್ಮಲ್ಲಿಲ್ಲವೇ? ಬೆನ್ನು ಬಗ್ಗಿಸಿ ಕುಳಿತು, ಹೆಗಲು ಬಿಗಿಹಿಡಿದು ಬಾರಿಸಿ, ಮಣಿಕಟ್ಟು ನೋಯಿಸಿಕೊಂಡವರಿಲ್ಲವೇ? ನೋವನ್ನು ಸಹಿಸುವುದೇ ಸಾಧನೆಯೆಂದು ತಿಳಿಯುವುದು ತಪ್ಪು. ನೋವು ಎಂಬುದು ದೇಹವು ಹೇಳುವ ಪಾಠ, ಅದನ್ನು ಕೇಳಬೇಕು. ಬೆನ್ನು ನೆಟ್ಟಗೆ, ಹೆಗಲು ಸಡಿಲ, ಉಸಿರು ಆಳ, ನಡುವೆ ಬಿಡುವು, ಬೇಕಾದಾಗ ಒಂದು ಗುಟುಕು ನೀರು. ಇವು ಸಣ್ಣ ಮಾತುಗಳಾದರೂ ಇವನ್ನು ಮರೆತವರ ಕಲೆ ಹೆಚ್ಚು ಕಾಲ ಬಾಳುವುದಿಲ್ಲ. ಧ್ವನಿ ಒಡೆದ ಹುಡುಗನು ನಾಚಿ ಹಾಡನ್ನೇ ಬಿಡಬೇಕಾಗಿಲ್ಲ. ಒಡೆದ ಧ್ವನಿಯಿಂದಲೇ ಒಬ್ಬರು ಸವಾಯಿ ಗಂಧರ್ವರಾದರು.

ಮುಂದಿನ ಡಿಸೆಂಬರಿನಲ್ಲಿ ಶಾಲು ಹೊದ್ದ ಜನರು ಉತ್ಸವಕ್ಕೆ ಹೋಗುವುದನ್ನು ಕಂಡಾಗ, ಕಾರಕೂನರ ಮಗನಾದ ಆ ಕುಂದಗೋಳದ ಹುಡುಗನನ್ನು ನಾವು ನೆನೆಯೋಣ. ಕೊಟ್ಟ ಕಂಠವನ್ನು ಹೊಡೆದು ಬಡಿದು ಗೆಲ್ಲಲಾಗದು, ತಾಳ್ಮೆಯಿಂದ ಒಲಿಸಿಕೊಳ್ಳಬೇಕು. ಯಾವ ವಿದ್ಯೆಯಾದರೂ ಒಲಿಯುವುದು ಹಾಗೆಯೇ.